ಒಲೆ ಪಕ್ಕದ ತಗ್ಗು

ಎನೋರಾಳ ಮನೆಯ ಗೋಡೆಗೆ ಇನ್ನೂ ನೂರು ವರ್ಷ ಯೋಚನೆಯಿಲ್ಲ, ಫ್ರಾನ್ಸಿನ ಬ್ರಿತಾನಿ ಸೀಮೆಯ ಬಂಡೆಗಲ್ಲು. ಮಾಡಿಗೆ ಹೋದ ವರ್ಷವೇ ಹೊಸ ಹುಲ್ಲು ಹೊದಿಸಿದ್ದಾಗಿದೆ. ಕೆಟ್ಟಿದ್ದು ನೆಲ ಮಾತ್ರ. ಜೇಡಿಮಣ್ಣು ಸವೆದು ಊಟದ ಮೇಜೇ ಕುಂಟುತ್ತಿತ್ತು. ಮಗಳು ರೊಜೆನ್‌ಳ ಮದುವೆ ಬೇರೆ ಹತ್ತಿರ ಬಂದಿತ್ತು. ಹಾಗಾಗಿ ಭಾನುವಾರ ಹಳೆಯ ನೆಲದ ಮೇಲೆ ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಊರವರನ್ನೆಲ್ಲ ಕುಣಿಯಲು ಕರೆದರು. ಕುಣಿದು ತುಳಿಯದೆ ನಮ್ಮ ಕಡೆ ಯಾವ ನೆಲವೂ ಗಟ್ಟಿಯಾಗುವುದಿಲ್ಲ.

ಎನೋರಾಳಿಗಿದ್ದ ಸಂಕಟ ಒಂದೇ. ಒಲೆಯ ಪಕ್ಕ ಬೋಗುಣಿಯಷ್ಟು ತಗ್ಗೊಂದಿತ್ತು. ಗಂಡ ಪೇರಿಗ್ ಇಪ್ಪತ್ತಾರು ವರ್ಷ ಅಲ್ಲೇ ಬೆಂಚಿನ ಮೇಲೆ ಕೂತು, ಹಾಡು ಗುನುಗುತ್ತ, ಎಡಗಾಲಿನ ಮರದ ಜೋಡಿನಿಂದ ತಾಳ ಹಾಕಿ ಹಾಕಿ ಆದ ತಗ್ಗು. ಅವನು ಸತ್ತು ನಾಲ್ಕು ವರ್ಷವಾಗಿದ್ದರೂ ಬೆಳಿಗ್ಗೆ ಅವಳ ಬರಿಗಾಲು ಮೊದಲು ಹೋಗುವುದು ಅಲ್ಲಿಗೇ. ಇದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದುಂಟೇ?

"ಅದೊಂದನ್ನ ಬಿಟ್ಬಿಡು ಮಾಡೆಗ್, ಕೋಳಿ ನೀರು ಕುಡಿಯುತ್ತೆ," ಎಂದಳು.

ನೆಲದ ಕೆಲಸಕ್ಕೆಲ್ಲ ಮುಂದಾಳು ಪಕ್ಕದ ಮನೆಯ ಮಾಡೆಗ್. "ಕೋಳಿಗೊಂದು ಕೆರೆ ಕಟ್ಸೋಣ ಬಿಡಕ್ಕ. ಮದುವೆ ದಿನ ಪಾದ್ರಿ ಇದ್ರಲ್ಲಿ ಬಿದ್ರೆ ಎತ್ತೋರ್ಯಾರು?" ಎಂದವನೇ ಮೊದಲ ಬುಟ್ಟಿ ಮಣ್ಣನ್ನು ಅಲ್ಲಿಗೇ ಸುರಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಎನೋರಾ ಒಳಗೆ ಹೋಗಿ ಪೆಟ್ಟಿಗೆಯಿಂದ ಪೇರಿಗ್‌ನ ಮರದ ಜೋಡು ತೆಗೆದಳು. ಸಡಿಲವಾಗದಂತೆ ಹುಲ್ಲು ತುರುಕಿ ಹಾಕಿಕೊಂಡು ಬಂದಳು.

ಚರ್ಮದ ಚೀಲ ಒತ್ತಿ ಊದುವ ತಿದಿವಾದ್ಯ ಶುರುವಾಯಿತು. ಕಿರುಬೆರಳಿಗೆ ಕಿರುಬೆರಳು ಹೆಣೆದು ಕುಣಿಯುವವರ ಸುತ್ತು ತಿರುಗತೊಡಗಿತು. ಬಾಗಿಲಿನಿಂದ ಬಂದ ಬಿಸಿಲಲ್ಲಿ ಹಸಿಮಣ್ಣಿನ ಹಬೆ ಎದ್ದು ಮುಖಗಳೆಲ್ಲ ಮಸುಕಾದವು. ಯಾವ ಹೆಜ್ಜೆ ಯಾರದೆಂದು ತಿಳಿಯದು. ಕಲ್ಲುಗೋಡೆಯೂ ಜೊತೆಗೆ ತೂಗುತ್ತಿದೆ, ಸತ್ತವರೂ ಸುತ್ತಿನಲ್ಲಿ ಸೇರಿಕೊಂಡಿದ್ದಾರೆ ಎನಿಸಿತು ಅವಳಿಗೆ. ತನ್ನ ಬೆರಳು ಹಿಡಿದವನ ಮುಖವನ್ನು ಅವಳು ಬೇಕೆಂದೇ ನೋಡಲಿಲ್ಲ. ಹಾಗೆಯೇ ಸುತ್ತು ಬಿಟ್ಟು ಒಲೆಯ ಪಕ್ಕದ ಬೆಂಚಿನಲ್ಲಿ ಕೂತು, ಎಡಗಾಲಿನಿಂದ ತಾಳ ಹಾಕತೊಡಗಿದಳು.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದು ಮಾಡೆಗ್ ಕುಣಿಯುತ್ತಲೇ ಚುಚ್ಚಿದ.

ಅವಳು ತಾಳ ನಿಲ್ಲಿಸಲಿಲ್ಲ.

ಸಂಜೆ ಮಾಡೆಗ್ ಉದ್ದದ ಹಲಗೆ ಇಟ್ಟು ಮಟ್ಟ ನೋಡುತ್ತ ಬಂದ. ಎಲ್ಲ ಕಡೆ ಅಂಗೈಯಂತೆ ಸಮವಾಗಿತ್ತು. ಒಲೆಯ ಹತ್ತಿರ ಹಲಗೆಯ ಕೆಳಗೆ ಬೆಳಕು ಕಂಡಿತು. ಬಗ್ಗಿ ಹಲಗೆ ಸರಿಸಿದ. ಹೊಸ ತಗ್ಗು, ಅದರೊಳಗೆ ಎನೋರಾಳ ಎಡಗಾಲಲ್ಲಿದ್ದ, ಮಣ್ಣು ಮೆತ್ತಿದ ಜೋಡು. ಆ ಜೋಡಿನ ಗುರುತು ಅವನಿಗೆ ಚೆನ್ನಾಗಿಯೇ ಇತ್ತು. ಎನೋರಾ ತಲೆಯೆತ್ತಲಿಲ್ಲ.

ರೊಜೆನ್ ಮಣ್ಣಿನ ಬುಟ್ಟಿ ಎತ್ತಿಕೊಂಡು ಬಂದಳು. "ಅಲ್ಲೇನು ಮಾವ, ಇನ್ನೊಂದು ಬುಟ್ಟಿ ಬೇಕಾ?"

"ಬೇಡ ಮಗಳೇ," ಎಂದ ಮಾಡೆಗ್, ಹಲಗೆ ಹೆಗಲಿಗೇರಿಸುತ್ತ. "ಅಲ್ಲಿ ಯಾರೂ ತುಳೀಬೇಡಿ. ಕೋಳಿ ನೀರು ಕುಡಿಯೋ ಜಾಗ ಅದು."