ಬ್ಯಾಕಪ್ಪಿನ ಮೂರನೇ ತುಂಡು

ಸರ್ವರ್ ಸುಟ್ಟುಹೋದ ಹನ್ನೆರಡನೇ ದಿನ ಬೆಳಿಗ್ಗೆ ತಂತ್ರಜ್ಞೆಯಾದ ಅವಳು ಜೈಲಿನ ಕಚೇರಿಗೆ ಬಂದಳು. ಅವಳಿಗಿಂತ ಮೊದಲು ಬಂದ ಇಬ್ಬರು ತಂತ್ರಜ್ಞರು ಬ್ಯಾಕಪ್ ಫೈಲಿನಿಂದ ಡೇಟಾಬೇಸನ್ನು ಮರಳಿ ಕಟ್ಟಲಾಗದೆ ಕೈಚೆಲ್ಲಿ ಹೋಗಿದ್ದರು. ಯಾವ ಕೈದಿಗೆ ಎಷ್ಟು ಶಿಕ್ಷೆ, ಒಳ್ಳೆಯ ನಡತೆಗೆ ಎಷ್ಟು ದಿನ ಕಡಿತ, ಬಿಡುಗಡೆ ಯಾವತ್ತು, ಎಲ್ಲವೂ ಅದರೊಳಗಿತ್ತು. ಅದು ಹೋದ ದಿನದಿಂದ ಒಬ್ಬನೇ ಒಬ್ಬ ಕೈದಿಯೂ ಹೊರಗೆ ಹೋಗಿರಲಿಲ್ಲ.

"ಕೋರ್ಟಿನ ಕಾಗದದಲ್ಲಿ ಶಿಕ್ಷೆ ಇರುತ್ತೆ, ಕಡಿತ ಇರಲ್ಲ," ಎಂದ ಗುಮಾಸ್ತ. ತೆಳ್ಳಗಿನ ಆಸಾಮಿ, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದ. "ತಪ್ಪಿ ಒಂದು ದಿನ ಮುಂಚೆ ಬಿಟ್ಟರೆ ಜೈಲರ್ ಸಾಹೇಬರ ಕುತ್ತಿಗೆಗೆ ಬರುತ್ತೆ. ಅದಕ್ಕೆ ಯಾರನ್ನೂ ಬಿಡ್ತಿಲ್ಲ."

"ಒಂದು ದಿನ ತಡವಾದ್ರೆ?"

"ಅದು ಕೈದಿಗಳ ಕುತ್ತಿಗೆ ಮೇಡಂ."

ಅವಳು ನಗಲಿಲ್ಲ. ಕುರ್ಚಿ ಎಳೆದು ಕೂತಳು. ಮೊದಲ ಸಲ, ಮರಳಿ ಕಟ್ಟುವ ರಿಸ್ಟೋರ್ ಆಜ್ಞೆ ಕೊಟ್ಟಾಗ, ಫೈಲು ಇಡಬೇಕಾದ ಜಾಗವೇ ಇಲ್ಲ ಎಂದು ಯಂತ್ರ ದೂರಿತು. ಹಳೆಯ ಸರ್ವರಿನಲ್ಲಿದ್ದ ಎರಡನೇ ಡಿಸ್ಕು ಹೊಸದರಲ್ಲಿರಲಿಲ್ಲ, ಅಷ್ಟೇ. ಅವಳು ಬೇರೆ ಜಾಗ ತೋರಿಸಿದಳು. ಎರಡನೇ ಸಲ, ಬ್ಯಾಕಪ್ಪು ಹೊಸ ಆವೃತ್ತಿಯದು, ಇಲ್ಲಿ ಹಾಕಿರುವ ತಂತ್ರಾಂಶ ಹಳೆಯದು ಎಂದಿತು. ಅದನ್ನೂ ಬದಲಿಸಿದಳು. ಹತ್ತೂವರೆಗೆ ಮೂರನೇ ಸಲ ಒತ್ತಿದಾಗ ಪರದೆಯ ಮೇಲೆ ಬಂದ ಸಾಲನ್ನು ಎರಡು ಬಾರಿ ಓದಿ ಗುಮಾಸ್ತನತ್ತ ತಿರುಗಿದಳು.

"ಈ ಬ್ಯಾಕಪ್ ಮೂರು ತುಂಡಾಗಿದೆ. ನೀವು ಕೊಟ್ಟಿರೋದು ಎರಡೇ. ಇನ್ನೊಂದೆಲ್ಲಿ?"

"ಇದ್ದಿದ್ದೇ ಎರಡು."

"ಮೂರೂ ಸೇರದೆ ಒಂದಕ್ಷರವೂ ಈಚೆ ಬರಲ್ಲ. ಇದನ್ನ ಮಾಡಿಟ್ಟೋರು ಯಾರು? ಅವರು ಏನಾದ್ರೂ ಹೇಳಿದ್ರಾ, ನೆನಪು ಮಾಡ್ಕೊಳ್ಳಿ."

ಗುಮಾಸ್ತ ಕನ್ನಡಕ ತೆಗೆದ. ಸರ್ವರ್ ಸುಡುವ ಮೊದಲು ಇಲ್ಲಿದ್ದ ತಂತ್ರಜ್ಞ ಜಾಗ ಸಾಲದು ಎಂದು ಗೊಣಗುತ್ತಿದ್ದದ್ದು, ಜೈಲಿನ ಆಸ್ಪತ್ರೆಯ ಕಂಪ್ಯೂಟರ್ ಖಾಲಿ ಬಿದ್ದಿದೆ ಎಂದು ಅಲ್ಲಿಗೂ ಫೈಲು ಹೋಗುವಂತೆ ಮಾಡಿಕೊಂಡದ್ದು ಅವನಿಗೆ ಈಗ ನೆನಪಾಯಿತು. ಹನ್ನೊಂದು ದಿನ ಅದನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ.

ಆಸ್ಪತ್ರೆ ಅಂಗಳದ ಆಚೆ ಬದಿಗಿತ್ತು. ಅವಳು ಏಳುವಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಬಾಗಿಲು ದೂಡಿಕೊಂಡು, ಕೈದಿಗಳನ್ನು ಕಾಯುವ ಒಬ್ಬ ವಾರ್ಡರ್ ಒಳಗೆ ಬಿದ್ದ. ದೊಡ್ಡ ದನಿಯವನೆಂದು ಅವನನ್ನು ಎಲ್ಲರೂ ಗಂಟಲು ಎನ್ನುತ್ತಿದ್ದರು. ಈಗ ಆ ದನಿ ಕೀರಲಾಗಿತ್ತು. ಕೈಯಲ್ಲಿದ್ದ ದೊಣ್ಣೆಯ ತುದಿಗೆ ರಕ್ತ, ಕೂದಲು ಅಂಟಿದ್ದವು.

"ಬಾಗಿಲು ಹಾಕಿ. ಹಾಕ್ರೀ!"

ಸಾಲಿನಲ್ಲಿ ನಿಂತ ಕೈದಿಯೊಬ್ಬ ದಿನವೂ ಕೇಳುವಂತೆ ಇವತ್ತೂ "ನನ್ನ ದಿನ ಯಾವಾಗ?" ಎಂದು ಕೇಳಿದ್ದ. ಗಂಟಲು ಅವನ ತಲೆಗೆ ಬಾರಿಸಿದ್ದ. ಒಂದಲ್ಲ, ಮೂರು ಏಟು. ಬಿದ್ದವನ ಅಣ್ಣ ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ.

ಗುಮಾಸ್ತ ಚಿಲಕ ಹಾಕಿ, ಹಳೆಯ ಕಡತಗಳ ಕಬ್ಬಿಣದ ಬೀರುವಿನೊಳಗೆ ಗಂಟಲನ್ನು ತುರುಕಿ ಬಾಗಿಲೆಳೆದ. ಹೊರಗಿನಿಂದ ಕೈದಿಗಳು ಬೆಂಚಿನಿಂದ ಗುದ್ದಿದ ನಾಲ್ಕನೇ ಹೊಡೆತಕ್ಕೆ ಕಚೇರಿಯ ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಬಂತು. ಏಳೆಂಟು ಜನ ನುಗ್ಗಿದರು. ಮಂಚದಿಂದ ಕಿತ್ತ ಸರಳು ಗುಮಾಸ್ತನ ದವಡೆಗೆ ಬಿತ್ತು. ಅವನು ಮೇಜಿನ ಕೆಳಗೆ ಕುಸಿದು, ಬಾಯಿಂದ ಉದುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನೋಡುತ್ತ ಕೂತ.

"ನಮ್ಮ ದಿನ ನುಂಗಿದ್ದು ಇದೇ ಡಬ್ಬ!" ಎಂದು ಒಬ್ಬ ಸರ್ವರಿನ ಮೇಲೆ ಸರಳು ಬೀಸಿದ. ಅವಳು ಅಡ್ಡ ಕೈ ಹಾಕಿದಳು. ಯೋಚಿಸಿ ಹಾಕಿದ್ದಲ್ಲ. ಬಲಗೈಯ ಎರಡು ಬೆರಳು ಮುರಿದ ಸದ್ದು ಅವಳಿಗೇ ಕೇಳಿಸಿತು. ಕಣ್ಣಿಗೆ ಕತ್ತಲು ಕವಿಯಿತು. ಸರಳು ಮತ್ತೆ ಮೇಲೇರಿದಾಗ ಹಿಂದಿನಿಂದ ಬಂದ ಕೈಯೊಂದು ಅದನ್ನು ಹಿಡಿಯಿತು.

"ಆ ಹೆಂಗಸನ್ನ ಬಿಡೋ."

ಹಿಡಿದವನು ಏಟು ತಿಂದವನ ಅಣ್ಣ. ಜೈಲಿನ ಮರಗೆಲಸದ ಕೋಣೆಯಲ್ಲಿ ದುಡಿಯುವವನು, ಎಲ್ಲರಿಗೂ ಬಡಗಿ. ಅವನ ಅಂಗಿಯ ಎದೆ ತಮ್ಮನ ರಕ್ತದಲ್ಲಿ ತೊಯ್ದಿತ್ತು.

"ನಿಮ್ಮೆಲ್ಲರ ತಾರೀಕು ಇದರಲ್ಲೇ ಬರಬೇಕು," ಎಂದಳು ಅವಳು. ಮುರಿದ ಕೈಯನ್ನು ಎದೆಗೊತ್ತಿಕೊಂಡಳು. "ಒಂದು ತುಂಡು ಆಸ್ಪತ್ರೆ ಕಂಪ್ಯೂಟರಲ್ಲಿದೆ. ಅದನ್ನ ತಂದುಕೊಟ್ಟರೆ ಅರ್ಧ ಗಂಟೆ ಸಾಕು. ಇದನ್ನ ಒಡೆದ್ರೆ, ಮುಗೀತು."

"ಸುಳ್ಳು ಹೇಳ್ತಾಳೆ," ಎಂದಿತು ಒಂದು ದನಿ.

ಬಡಗಿ ಅವಳ ಮುಖವನ್ನೂ ಊದುತ್ತಿದ್ದ ಬೆರಳುಗಳನ್ನೂ ನೋಡಿದ. "ನಾವು ಬರೋವರೆಗೆ ಈ ಡಬ್ಬ ಯಾರೂ ಮುಟ್ಟಬಾರದು. ನಡಿಯಕ್ಕ. ನನ್ನ ಬೆನ್ನು ಬಿಟ್ಟು ಸರೀಬೇಡ."

ಅಂಗಳದಲ್ಲಿ ಹಾಸಿಗೆಗಳು ಉರಿಯುತ್ತಿದ್ದವು. ಒಬ್ಬ ವಾರ್ಡರನ್ನು ಕೆಡವಿ ನಾಲ್ವರು ತುಳಿಯುತ್ತಿದ್ದರು. ಅವನು ಕೂಗುವುದನ್ನು ಆಗಲೇ ನಿಲ್ಲಿಸಿದ್ದ, ಅವರು ತುಳಿಯುವುದನ್ನು ನಿಲ್ಲಿಸಿರಲಿಲ್ಲ. ಹಳೆಯ ಹಗೆಯ ಇಬ್ಬರು ಕೈದಿಗಳು ಸಂದರ್ಭ ನೋಡಿ ಒಬ್ಬರನ್ನೊಬ್ಬರು ಗಾಜಿನ ಚೂರಿನಿಂದ ಇರಿದುಕೊಳ್ಳುತ್ತಿದ್ದರು. ಸರಳು ಹಿಡಿದು ಎದುರಾದವನ ಮೂಗಿಗೆ ಬಡಗಿ ಹಣೆಯಿಂದಲೇ ಡಿಕ್ಕಿ ಹೊಡೆದು ದಾರಿ ಮಾಡಿದ.

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಬಡಗಿಯ ತಮ್ಮನ ತಲೆಯನ್ನು ಬಟ್ಟೆಯಿಂದ ಒತ್ತಿ ಹಿಡಿದಿದ್ದರು. ಅವನ ಉಸಿರು ಗೊರಕೆಯಂತೆ ಎಳೆಯುತ್ತಿತ್ತು. ಬಡಗಿ ತಮ್ಮನ ಪಾದ ಮುಟ್ಟಿ, ತಣ್ಣಗಿದೆ ಎಂದು ಹೊದಿಕೆ ಎಳೆದು ಮುಚ್ಚಿದ. ಕಂಪ್ಯೂಟರಿನ ಪರದೆ ಒಡೆದು ನೆಲದಲ್ಲಿತ್ತು, ಪೆಟ್ಟಿಗೆ ಮಾತ್ರ ಉಳಿದಿತ್ತು. ಅವಳ ಬಲಗೈ ಏಳುತ್ತಿರಲಿಲ್ಲ.

"ಹಿಂದೆ ಎರಡು ತಿರುಪಿವೆ ನೋಡು. ಬಿಚ್ಚು. ಆ ಅಗಲದ ತಂತಿ ಎಳಿ. ಮೆಲ್ಲಗೆ! ಕುಲುಕಬೇಡ."

ಚಮಚದ ಹಿಡಿಯಿಂದ ಅವನು ತಿರುಪು ಬಿಚ್ಚಿದ. ಡಿಸ್ಕನ್ನು ಅಂಗಿಯೊಳಗೆ ಇಟ್ಟುಕೊಂಡು ಅದೇ ಅಂಗಳ ದಾಟಿ ಇಬ್ಬರೂ ಕಚೇರಿಗೆ ಮರಳಿದರು.

ಎಡಗೈಯಲ್ಲೇ ಅವಳು ಡಿಸ್ಕು ಜೋಡಿಸಿದಳು. ಮೂರನೇ ಫೈಲು ಅಲ್ಲಿತ್ತು. ಮೂರನ್ನೂ ಹೆಸರಿಸಿ ರಿಸ್ಟೋರ್ ಕೊಟ್ಟಳು. ಹತ್ತು ಶೇಕಡಾ. ಇಪ್ಪತ್ತು. ಬಾಗಿಲಿನಲ್ಲಿ ಜನ ಒತ್ತರಿಸಿದರು, ಬಡಗಿ ಬೆಂಚು ಅಡ್ಡವಿಟ್ಟು ತಡೆದ. ಎಪ್ಪತ್ತರಲ್ಲಿ ಅಂಕಿ ನಿಂತಿತು. ಯಾರೋ ಎಸೆದ ಇಟ್ಟಿಗೆ ಅವಳ ಕಿವಿಯ ಪಕ್ಕದ ಗೋಡೆಗೆ ಬಿತ್ತು. ಅಂಕಿ ಮತ್ತೆ ಚಲಿಸಿತು. ನೂರು.

ಹೆಸರುಗಳು ಸಾಲಾಗಿ ತೆರೆದುಕೊಂಡವು.

"ನಿನ್ನ ನಂಬರ್ ಹೇಳು."

"ನಂದು ಇನ್ನೂ ಮೂರು ವರ್ಷ ಇದೆ, ಬಿಡು. ತಮ್ಮಂದು ನೋಡಕ್ಕ." ನಂಬರ್ ಹೇಳಿದ.

ಅವಳು ನೋಡಿದಳು. ಬೀರು ಅವಳಿಂದ ಎರಡು ಮಾರು ದೂರದಲ್ಲಿತ್ತು, ಅದರೊಳಗೆ ಯಾರಿದ್ದಾರೆಂದು ಅವಳಿಗೆ ಗೊತ್ತಿತ್ತು. ಇನ್ನೂ ಆರು ತಿಂಗಳಿದೆ ಎಂದುಬಿಡಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ.

"ಹನ್ನೊಂದು ದಿನ ಆಯ್ತು," ಎಂದಳು. "ಸರ್ವರ್ ಸುಟ್ಟ ಮಾರನೇ ದಿನವೇ ಅವನನ್ನ ಬಿಡಬೇಕಾಗಿತ್ತು."

ಅಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ಒಬ್ಬ ಓಡಿಬಂದ. "ಅಣ್ಣಾ... ನಿನ್ನ ತಮ್ಮ ಹೋದ."

ಬೀರುವಿನೊಳಗೆ ಕಡತವೊಂದು ಜಾರಿ ಬಿದ್ದ ಸದ್ದು ಕೇಳಿಸಿತು.

ಬಡಗಿ ಬೀರುವಿನ ಬಾಗಿಲು ಕಿತ್ತ. ಕಾಗದಗಳ ನಡುವೆ ಮುದುರಿ ಕೂತಿದ್ದ ಗಂಟಲು ಕೈಮುಗಿದ. ಬಡಗಿ ಅವನ ಮಡಿಲಲ್ಲಿದ್ದ ದೊಣ್ಣೆಯನ್ನೇ ಕಿತ್ತುಕೊಂಡು ಮುಖಕ್ಕೆ ಹೊಡೆದ. ಮತ್ತೆ ಹೊಡೆದ. "ಬೇಡ, ಸಾಕು!" ಎಂದು ಅವಳು ಎಡಗೈಯಿಂದ ಅವನ ಅಂಗಿ ಹಿಡಿದು ಜಗ್ಗಿದಳು, ಅವನು ಕೊಡವಿದ ರಭಸಕ್ಕೆ ಗೋಡೆಗೆ ಬಡಿದು ಬಿದ್ದಳು. ಬಿದ್ದಲ್ಲಿಗೇ ಏಟುಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕೇಳಿಸಿದವು. ಬಡಗಿ ಅಳುತ್ತ ಹೊಡೆಯುತ್ತಿದ್ದ. ಪೊಲೀಸರು ಬಂದು ಅವನ ತೊಡೆಗೆ ಗುಂಡು ಹಾರಿಸಿದ ಮೇಲೆಯೇ ದೊಣ್ಣೆ ಕೆಳಗೆ ಬಿತ್ತು.

ಗಂಟಲು ಬದುಕಿದ. ಒಂದು ಕಣ್ಣು ಹೋಯಿತು, ಮಾತು ಮರಳಲಿಲ್ಲ. ಅಂಗಳದಲ್ಲಿ ತುಳಿತಕ್ಕೆ ಸಿಕ್ಕ ವಾರ್ಡರ್ ಸತ್ತ. ವಿಚಾರಣೆಗೆ ಬಂದ ಅಧಿಕಾರಿ ಅವಳನ್ನು ಒಂದೇ ಪ್ರಶ್ನೆಗೆ ಮೂರು ಸಲ ಎಳೆದ. "ಆ ಹೊತ್ತಲ್ಲಿ ತಾರೀಕು ಯಾಕೆ ಓದಿದಿರಿ?"

"ಅವನು ಕೇಳಿದ," ಎಂದಳು. ಮನಸ್ಸಿನೊಳಗೆ ಆ ಉತ್ತರ ಒಂದು ಸಲವೂ ಸಾಕಾಗಲಿಲ್ಲ.

ಗಲಭೆಯ ಮಾರನೇ ದಿನ, ಗಂಡ ಬೇಡವೆಂದರೂ ಅವಳು ಪಟ್ಟಿ ಕಟ್ಟಿದ ಕೈಯಲ್ಲೇ ಬಂದು, ದಿನ ಮೀರಿದವರ ಪಟ್ಟಿ ತೆಗೆದುಕೊಟ್ಟಳು. ಮೂವತ್ತೊಂಬತ್ತು ಹೆಸರು, ಬಡಗಿಯ ತಮ್ಮನದೂ ಸೇರಿ. ಸಾಹೇಬರು ಸಹಿ ಹಾಕಿದರು. ಮಧ್ಯಾಹ್ನ ಹೆಬ್ಬಾಗಿಲಿನಿಂದ ಒಬ್ಬೊಬ್ಬರೇ ಹೊರಗೆ ಹೋದರು, ಅವಳು ಪಟ್ಟಿ ಹಿಡಿದು ಅಲ್ಲೇ ನಿಂತಿದ್ದಳು.

ಬಾಗಿಲಾಚೆ ಒಬ್ಬ ಹೆಂಗಸು ಇಸ್ತ್ರಿ ಮಾಡಿದ ಅಂಗಿ, ಹೊಸ ಚಪ್ಪಲಿ ಹಿಡಿದು ನಿಂತಿದ್ದಳು. ಬಡಗಿಗೆ ತಂಗಿ, ಸತ್ತ ತಮ್ಮನಿಗೆ ಅಕ್ಕ. ಪಟ್ಟಿ ಬಂತೆಂದು ಯಾರೋ ಹೇಳಿದ್ದರು, ಉಳಿದದ್ದನ್ನು ಹೇಳಿರಲಿಲ್ಲ.

"ಚಿಕ್ಕವನ ಹೆಸರು ಇದೆಯಂತೆ," ಎಂದಳು, ತಂತ್ರಜ್ಞೆಯ ಕೈಯ ಕಾಗದ ನೋಡುತ್ತ. "ಇದೆ ತಾನೇ?"

ಕಾವಲಿನವನು ಬೇರೆ ಕಡೆ ಮುಖ ತಿರುಗಿಸಿದ. ಅವಳು ಕಾಗದ ಮಡಚಿ, ಆ ಹೆಂಗಸಿನ ತೋಳು ಹಿಡಿದು, ನೆರಳಿದ್ದ ಕಡೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.