ಮೂರು ಬೆಸುಗೆಯ ಮೈ

ನಾನು ನೀರು ಬಿಡುವ ಚಾವಿ. ಜೇಬಿಗೆ ಹಾಕಿಕೊಳ್ಳುವ ಪೈಕಿ ಅಲ್ಲ. ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುಗಿಸುವುದು ನನ್ನ ಕೆಲಸ. ವೆಲ್ಡಿಂಗ್ ಇಮಾಮ್ ಸಾಬರ ಅಂಗಡಿಯಲ್ಲಿ ಹುಟ್ಟಿ, ನೇರ ನೀರುಗಂಟಿ ಬೋರಣ್ಣನ ಹೆಗಲೇರಿದೆ.

ಕುಂಬಾರ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು. ನಾನು ಆರು ಸುತ್ತು ತಿರುಗಿದರೆ ಇಡ್ಲಿ ಮಾರುವ ಪುಟ್ಟವ್ವನ ಕೊಡ ತುಂಬುತ್ತಿತ್ತು. ಅದರ ಜಂಭ ನನಗಿತ್ತು, ಸುಳ್ಳೇಕೆ ಹೇಳಲಿ.

ಒಮ್ಮೆ ರಸ್ತೆಯವರು ಬಂದು ಹಳೇ ಡಾಂಬರಿನ ಮೇಲೇ ಹೊಸದನ್ನು ಸುರಿದು ಹೋದರು. ನೀರಿನವರು ಗುಂಡಿಯ ಸುತ್ತ ಇಟ್ಟಿಗೆ ಕಟ್ಟಿ ಮುಚ್ಚಳ ಎತ್ತರಿಸಿದರು. ವಾಲ್ವ್ ಮಾತ್ರ ಇದ್ದಲ್ಲೇ ಇತ್ತು. ಅದು ನನಗೆ ಎಟುಕದೆ ಹೋಯಿತು. ಇಮಾಮ್ ಸಾಬರು ಒಂದು ತುಂಡು ಬೆಸೆದು ನನ್ನನ್ನು ನಾಲ್ಕು ಬೆರಳು ಉದ್ದ ಮಾಡಿದರು. ಹೀಗೆ ಮೂರು ಸಲ ಆಯಿತು. ಅಷ್ಟರಲ್ಲಿ ಪುಟ್ಟವ್ವನ ಹೊಸ್ತಿಲು ರಸ್ತೆಗಿಂತ ಕೆಳಗಿಳಿದಿತ್ತು.

ನಾಲ್ಕನೇ ಸಲ ಮುಚ್ಚಳವನ್ನೇ ಡಾಂಬರಿನಡಿ ಹೂತುಬಿಟ್ಟರು. ಬೋರಣ್ಣ ನನ್ನಿಂದ ರಸ್ತೆ ಕುಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ನಿಂತ. ಜಾಗ ಅದೇ. ಆದರೆ ಹೊಸ ರಸ್ತೆ ಅಗೆಯಲು ರಸ್ತೆ ಆಫೀಸಿನ ಒಪ್ಪಿಗೆ ಬೇಕು. ಅವರ ನಕ್ಷೆಯಲ್ಲಿ ವಾಲ್ವೇ ಇಲ್ಲ. ನೀರಿನ ಆಫೀಸಿನ ನಕ್ಷೆಯಲ್ಲಿ ಅದು ಹತ್ತು ಹೆಜ್ಜೆ ಆಚೆ. ಹದಿಮೂರು ದಿನ ಬೀದಿಗೆ ನೀರಿಲ್ಲ.

"ಬೋರಣ್ಣ, ಇನ್ನೊಂದು ವಾರ ಒಲೆ ಹಚ್ಚದಿದ್ರೆ ನನ್ನ ಗಿರಾಕಿಗಳು ಬೇರೆ ಕಡೆ ಹೋಗ್ತಾರೆ," ಅಂದಳು ಪುಟ್ಟವ್ವ. ಅವನಿಗೆ ಆ ತಿಂಗಳೇ ನಿವೃತ್ತಿ. ಆ ಜಾಗ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಕಲಿಸುವ ಸುಮಂಗಲಾ ಮೇಡಂ ಎಲ್ಲರನ್ನೂ ಶಾಲೆಯ ಹಾಲಿಗೆ ಕರೆದರು. ರಸ್ತೆ ಎಂಜಿನಿಯರು, ನೀರಿನ ಎಂಜಿನಿಯರು, ಆ ರಸ್ತೆಯಲ್ಲೇ ಲಾರಿ ಓಡಿಸುವ ಸಿಮೆಂಟ್ ಫ್ಯಾಕ್ಟರಿಯ ಮ್ಯಾನೇಜರು, ಬೀದಿಯ ಹೆಂಗಸರು ಬಂದರು. ಒಂದು ಗಂಟೆ "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುವುದೇ ಆಯಿತು. ಬೋರಣ್ಣ ಎದ್ದು ಬಂದು ನನ್ನನ್ನು ಕಾಫಿ ಲೋಟಗಳ ನಡುವೆ ಮಲಗಿಸಿದ. ಮೈಯೆಲ್ಲ ಕೆಸರು, ನನಗೆ ನಾಚಿಕೆ.

"ಈ ಬೆಸುಗೆ ಎಣಿಸಿ ಸ್ವಾಮಿ. ನೀವು ಡಾಂಬರು ಹಾಕಿದಾಗೆಲ್ಲ ಒಂದೊಂದು."

ರಸ್ತೆ ಎಂಜಿನಿಯರು ಬೆರಳಿಟ್ಟು ಎಣಿಸಿದರು. "ನಮಗ್ಯಾಕೆ ಹೇಳಲಿಲ್ಲ?"

"ನಿಮ್ಮ ಆಫೀಸು ಎಲ್ಲಿದೆ ಅಂತಾನೇ ನನಗೆ ಗೊತ್ತಿರಲಿಲ್ಲ ಸ್ವಾಮಿ."

ಯಾರೋ ನಕ್ಕರು. ಎಂಜಿನಿಯರು ನಗಲಿಲ್ಲ. ಮರುದಿನ ಅವರೇ ನಿಂತು ಮುಚ್ಚಳ ತೆಗೆಸಿದರು. ಬೋರಣ್ಣ ಊರೆಲ್ಲ ನಡೆದು ವಾಲ್ವ್‌ಗಳ ಜಾಗ ತೋರಿಸಿದ, ಮೇಡಂ ಅಳೆದು ಒಂದೇ ನಕ್ಷೆ ಮಾಡಿ ಎರಡೂ ಆಫೀಸಿಗೆ ಕೊಟ್ಟರು. ಫ್ಯಾಕ್ಟರಿಯವರು ತಮ್ಮ ಖರ್ಚಿನಲ್ಲಿ ಡಾಂಬರು ಕೆರೆಯುವ ಯಂತ್ರ ತರಿಸಿ ಕಳಿಸಿದರು. ರಸ್ತೆ ಕೆಳಗಿಳಿಯಿತು, ಪುಟ್ಟವ್ವನ ಹೊಸ್ತಿಲು ಮೇಲೆ ಬಂತು.

ಬೋರಣ್ಣ ನನ್ನನ್ನು ಹೊಸ ನೀರುಗಂಟಿ ಮೀನಾಕ್ಷಿಯ ಕೈಗೆ ಕೊಟ್ಟ. ನನ್ನ ಹಿಡಿ ಅವಳ ಗಲ್ಲಕ್ಕೆ ತಾಗುತ್ತಿತ್ತು. ಮತ್ತೆ ಇಮಾಮ್ ಸಾಬರಲ್ಲಿಗೆ ಹೋದೆವು. ಬೆಸೆದ ಮೂರೂ ತುಂಡು ಕತ್ತರಿಸಿ, ಹಿಡಿಯನ್ನು ಹಳೇ ಮೈಗೆ ಕೂರಿಸಿದರು. ನೋವಾಯಿತು. ಆದರೂ ಗಿಡ್ಡವಾದಾಗ ಆದಷ್ಟು ಸಂತೋಷ ನನಗೆ ಉದ್ದವಾದಾಗ ಒಮ್ಮೆಯೂ ಆಗಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಾಯಿ ಸವೆದಿದೆ. ನೀರು ಬಿಡದ ದಿನ ಪಂಪ್‌ಹೌಸಿನ ಮೂಲೆಯಲ್ಲಿ ಒರಗಿರುತ್ತೇನೆ. ಮತ್ತೆ ಯಾರಾದರೂ ನನ್ನನ್ನು ಉದ್ದ ಮಾಡಿಸಲು ಹೊತ್ತೊಯ್ದರೆ, ಊರಿನಲ್ಲಿ ಯಾರೋ ಇಬ್ಬರು ಮಾತು ಬಿಟ್ಟಿದ್ದಾರೆ ಅಂತ ತಿಳಿಯಿರಿ.