ಮೊದಲ ಹಿಡಿ

"ಈ ಕಲ್ನೆಲ್ಲ ಯಾವ ತಾಯಿ ಮಗ ಹೊತ್ತಾಕಿದ್ನೋ?"

ಹೊನ್ನಪ್ಪ ಕೇಳಿದ್ದು ಯಾರನ್ನೂ ಅಲ್ಲ. ಕುಸಿದ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾಚಿ ಹಿಡಿದ ಗುಂಡೊಂದನ್ನು ಎದೆಗೆ ಆನಿಸಿಕೊಂಡು ಎತ್ತುತ್ತಿದ್ದ. ಗ್ರಾನ್‌ತೋರ್ಪ್ ಎಂಬ ಈ ಸ್ವೀಡನ್ನಿನ ಹಳ್ಳಿ ಎಂದರೆ ಏಳು ಮನೆ, ಊರೆಲ್ಲ ಸೇರಿ ರೊಟ್ಟಿ ಸುಡುವ ಒಂದು ಗುಡಿಸಲು, ಸುತ್ತ ಕಾಡು. ಗೋಥೆನ್‌ಬರ್ಗಿನ ಬಸ್ಸು ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ಇಲ್ಲಿಯ ನೆಲ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಳಗಿನ ಕಲ್ಲನ್ನು ಮೇಲಕ್ಕೆ ದಬ್ಬುತ್ತದೆ. ಹಿಮ ಕರಗಿದರೆ ಹೊಲದ ತುಂಬ ಹೊಸ ಕಲ್ಲು. ಆಯ್ದು, ಹೊತ್ತು, ಬದುವಿಗೆ ಒಟ್ಟಿದವರ ಬೆನ್ನು ಎಂದೋ ಮಣ್ಣಾಯಿತು. ಗೋಡೆ ಉಳಿಯಿತು.

"ಲೋ ಹೊನ್ನ! ಕಲ್ಲಿನ ಹತ್ರ ಏನೋ ಹರಟೆ? ಪಿಕ್ನಿಕ್‌ಗೆ ಕರ್ಕೊಂಡ್ ಬಂದಿದೀನಾ ನಿನ್ನ?"

ದೊಡ್ಡ ಮನೆಯ ಜಗುಲಿಯಲ್ಲಿ ಮಧುಸೂದನ್ ಕಾಫಿ ಮಗ್ಗು ಹಿಡಿದು ನಿಂತಿದ್ದ. ಟೋರ್ಸ್‌ಲಾಂಡದ ಕಾರ್ಖಾನೆಯಲ್ಲಿ ಇಂಜಿನಿಯರು; ಹಳ್ಳಿಯ ಹಳೆಯ ಒಡೆಯರ ಮನೆಯನ್ನು ಕೊಂಡವನು. ಮಳವಳ್ಳಿ ಕಡೆ ಅವನ ಅಪ್ಪನ ಹಟ್ಟಿಯಲ್ಲಿ ಹೊನ್ನಪ್ಪ ಮೀಸೆ ಮೂಡುವ ಮೊದಲೇ ದನ ಕಟ್ಟಿದವನು. ಅಡುಗೆಯವನೆಂದು ಕಾಗದ ಮಾಡಿಸಿ ಇಲ್ಲಿಗೆ ತಂದರು. ಅಡುಗೆಮನೆಯ ಹೊಸ್ತಿಲನ್ನು ಮಾತ್ರ ಇಂದಿಗೂ ದಾಟಿಸಿಲ್ಲ. ಸೌದೆ ಕೊಟ್ಟಿಗೆಯ ಹಿಂದೆ ಹಾಸಿಗೆ, ಕೊಟ್ಟಿಗೆಯ ಗೂಟಕ್ಕೆ ಲೋಟ.

"ಬುದ್ದೀ, ಸಾಕಮ್ಮಂಗೆ ಉಸ್ರು ಎಳ್ಯಾಕೂ ಆಗ್ತಿಲ್ವಂತೆ. ಒಸಿ ಊರ್ಗೆ ಕಳ್ಸಿ."

"ಎಷ್ಟು ಸಲ ಹೇಳ್ಬೇಕೋ? ಇವತ್ತು ಹಳ್ಳಿ ದಿನ ಮುಗೀಲಿ, ಟಿಕೆಟ್ ನಾನೇ ಬುಕ್ ಮಾಡ್ತೀನಿ. ಮಧ್ಯಾಹ್ನ ಮೆರವಣಿಗೆ, ನೆನಪಿದೆ ತಾನೆ? ಹಳೇ ಕಾಲದ ಕೂಲಿಯವನು ನೀನೇ. ಕೋಟೊಂದು ಹಾಕ್ಕೊಂಡ್ರೆ ಸಾಕು, ನಿನಗೆ ಬೇರೆ ಮೇಕಪ್ ಬೇಡ!"

ಹಳ್ಳಿ ದಿನದಂದು ಊರಿನವರು ಹಳೆಯ ಕಾಲದ ವೇಷ ತೊಟ್ಟು ಮೆರವಣಿಗೆ ಹೊರಡುತ್ತಾರೆ. ವರ್ಷ ವರ್ಷವೂ ಕೂಲಿಯವನ ಪಾತ್ರಕ್ಕೆ ಒಂದು ಹುಲ್ಲಿನ ಬೊಂಬೆ ನಿಲ್ಲಿಸುತ್ತಿದ್ದರು. ಊರಿನವರು ಪಾದ್ರಿಯಾಗುತ್ತಿದ್ದರು, ಒಡೆಯರಾಗುತ್ತಿದ್ದರು, ಕೂಲಿಯಾಗಲು ಯಾರೂ ಒಪ್ಪುತ್ತಿರಲಿಲ್ಲ. ಈ ಸಲ ಮಧುಸೂದನ್ ಸಭೆಯಲ್ಲಿ ಕೈ ಎತ್ತಿ, ನಮ್ಮ ಮನೆಯಲ್ಲಿ ಒಬ್ಬನಿದ್ದಾನೆ ಎಂದು ಬಂದಿದ್ದ.

ಹೊನ್ನಪ್ಪ ಮತ್ತೆ ಕಲ್ಲಿಗೆ ಬಗ್ಗಿದ. ಊರಿನಿಂದ ಹೊರಡುವಾಗ ಹೆಂಡತಿ ಸಾಕಮ್ಮ ನಗುನಗುತ್ತಲೇ ಮಾತು ತೆಗೆದುಕೊಂಡಿದ್ದಳು: "ನಾ ಸತ್ರೆ ಮೊದಲ್ನೇ ಹಿಡಿ ಮಣ್ಣು ನೀನೇ ಹಾಕ್ಬೇಕು ಕಣಯ್ಯೋ. ಬ್ಯಾರೇರ ಕೈ ಮಣ್ಣು ನಂಗೆ ಬ್ಯಾಡ." ಭಾನುವಾರ ಮಧುಸೂದನನ ಹೆಂಡತಿ ರಜನಿಯ ಫೋನಿನಲ್ಲಿ ಅವಳ ದನಿ ಕೇಳುವುದು ವಾಡಿಕೆ. ಹೋದ ಭಾನುವಾರ, "ನೆಟ್‌ವರ್ಕ್ ಇಲ್ಲ ಹೊನ್ನಪ್ಪ," ಎಂದು ರಜನಿ ಮುಖ ತಿರುಗಿಸಿದ್ದಳು.

ಪಕ್ಕದ ಮನೆಯ ಮುದುಕಿ ಇಂಗ್ರಿಡ್ ಫ್ಲಾಸ್ಕು ಹಿಡಿದು ಬಂದಳು. ಜೊತೆಗೆ ಹಬ್ಬಕ್ಕೆಂದು ಬಂದಿದ್ದ ಸಂಕೇತ್, ಗೋಥೆನ್‌ಬರ್ಗಿನಲ್ಲಿ ಪಿಎಚ್‌ಡಿ ಮಾಡುವ ಹುಡುಗ. ಮುದುಕಿ ಕಾಡಂಚಿಗೆ ಕೈ ತೋರಿಸಿ ಏನೋ ಹೇಳಿದಳು.

"ಅಲ್ಲೊಂದು ಗುಂಡಿ ಇದೆಯಲ್ಲ, ಅದು ಕೂಲಿಯವರ ಮನೆಯಂತೆ ಅಣ್ಣ," ಸಂಕೇತ್ ಕನ್ನಡಕ್ಕೆ ತಿರುಗಿಸಿದ. "ಅರ್ಧ ನೆಲದೊಳಗೆ, ಮೇಲೆ ಹುಲ್ಲುಮಣ್ಣಿನ ಸೂರು. ಈ ಗೋಡೆ ಅವರೇ ಕಟ್ಟಿದ್ದು. ಇವರ ಮುತ್ತಜ್ಜಿ ಅಲ್ಲೇ ಇದ್ರಂತೆ. ಹೆತ್ತ ಹಸಿ ಮೈಲೇ ದೊಡ್ಡ ಮನೆಗೆ ಹಾಲು ಕರೆಯೋಕೆ ಓಡ್ಬೇಕಿತ್ತಂತೆ."

"ಅಂಗಾರೆ ಇಲ್ಲೂ ಹೊಲಗೇರಿ ಇತ್ತು ಅನ್ನಿ," ಹೊನ್ನಪ್ಪ ನಕ್ಕ.

ಅವನೇನೆಂದ ಎಂದು ಮುದುಕಿ ಕೇಳಿದಳು. ಸಂಕೇತ್‌ಗೆ ಅದನ್ನು ಸ್ವೀಡಿಷ್‌ಗೆ ತಿರುಗಿಸಲು ನಾಲಿಗೆ ಏಳಲಿಲ್ಲ. ಏನಾದರೂ ಆಡಬೇಕಲ್ಲ ಎಂದು ಹೊನ್ನಪ್ಪನ ಭುಜ ಮುಟ್ಟಿದ.

"ರಜನಿ ಅಕ್ಕ ಹೇಳಿದ್ರು ಅಣ್ಣ, ನಿಮ್ಮ ಮನೆಯವ್ರ ವಿಷಯ. ತುಂಬಾ ಬೇಜಾರಾಯ್ತು. ಇಷ್ಟು ದುಃಖದಲ್ಲೂ ಕೆಲಸ ಮಾಡ್ತಿದೀರಲ್ಲ..."

"ಯಾವ ಇಷ್ಯ?"

ಸಂಕೇತ್‌ನ ಮುಖ ಸುಣ್ಣವಾಯಿತು. ಹೊನ್ನಪ್ಪನ ಕೈಯ ಕಲ್ಲು ಜಾರಿ ಕಾಲ ಬಳಿಯೇ ಬಿತ್ತು.

ಅಡುಗೆಮನೆಯ ಹೊಸ್ತಿಲನ್ನು ಹೊನ್ನಪ್ಪ ಮೊದಲ ಸಲ ದಾಟಿದ, ಮಣ್ಣುಗಾಲಲ್ಲಿ. ಹಬ್ಬಕ್ಕೆಂದು ಬಂದು ರಜನಿಯ ಜೊತೆ ಲಾಡು ಕಟ್ಟುತ್ತಿದ್ದ ಹೆಂಗಸರು ಪಕ್ಕಕ್ಕೆ ಸರಿದರು.

"ಅವ್ವಾ, ನನ್ ಸಾಕಿ?"

ರಜನಿ ಕೈ ಒರೆಸಿಕೊಂಡಳು. "ಹೋದ ಶನಿವಾರ ಫೋನ್ ಬಂತು. ಹೇಳೋಣ ಅಂದೆ ಹೊನ್ನಪ್ಪ, ಇವರೇ ಬೇಡ ಅಂದ್ರು. ಫಂಕ್ಷನ್ ಮುಗೀಲಿ ಅಂತ..."

"ಮಣ್ಣು?"

"ಆಯ್ತಂತೆ."

"ಹೇಳಿದ್ರೆ ಏನ್ ಕಿಸೀತಿದ್ದೆ? ಹಾರ್ಕೊಂಡ್ ಹೋಗ್ತಿದ್ಯಾ?" ಬಾಗಿಲಲ್ಲಿ ಮಧುಸೂದನ್. "ಮೊದ್ಲು ಆಚೆ ಇಳಿ. ಇಲ್ಲಿ ಸ್ವೀಟು ಮಾಡ್ತಿದಾರೆ, ಕಾಣಲ್ವಾ?"

ಹೊನ್ನಪ್ಪ ಇಳಿದ. ಕೊಟ್ಟಿಗೆಗೆ ಹೋಗಲಿಲ್ಲ, ಕಲ್ಲಿನ ಬಳಿಗೂ ಹೋಗಲಿಲ್ಲ. ಹೊಲ ಹಾಯ್ದು ಕಾಡಂಚಿನ ಗುಂಡಿಯೊಳಗೆ ಇಳಿದು ಮಂಡಿಯೂರಿದ. ಮೇಲಿನ ಎಲೆ ಸರಿಸಿದರೆ ಕಪ್ಪು ಮಣ್ಣು, ತಣ್ಣಗೆ. ಒಂದು ಹಿಡಿ ಎತ್ತಿದ. ಎಲ್ಲಿಗೆ ಹಾಕುವುದೆಂದು ತಿಳಿಯದೆ ಮುಷ್ಟಿ ಹಾಗೆಯೇ ನಿಂತಿತು.

"ಸಾಕೀ, ಇದು ನಮ್ಮೂರ್ ಮಣ್ಣಲ್ಲ ಕಣವ್ವ," ಎಂದ. "ಆದ್ರೂ ನಮ್ಮಂತೋರ್ದೇ."

ಬೆರಳ ಸಂದಿಯಿಂದ ಮಣ್ಣು ನಿಧಾನಕ್ಕೆ ಸುರಿಯಿತು.

ದೂರದಲ್ಲಿ ಪಿಟೀಲು ಶುರುವಾಯಿತು. ಪಾದ್ರಿ ನಿಂತಿದ್ದ, ಒಡೆಯ ನಿಂತಿದ್ದ, ಏಳೂ ಮನೆಯವರು ಸಾಲಾಗಿ ನಿಂತು ಇತ್ತ ನೋಡುತ್ತಿದ್ದರು. ಒರಟು ಉಣ್ಣೆಯ ಕೋಟನ್ನು ತೋಳ ಮೇಲೆ ಹಾಕಿಕೊಂಡು ಮಧುಸೂದನ್ ಓಡಿಬಂದ. ಶೂ ತುಂಬ ಕೆಸರು. ಎಂದೂ ಇಲ್ಲದ ದನಿ.

"ಹೊನ್ನಪ್ಪಣ್ಣಾ, ಒಂದೇ ರೌಂಡು, ಪ್ಲೀಸ್. ನಾನು ಮಾತು ಕೊಟ್ಟಿದೀನಿ, ಎಲ್ಲ ಕಾಯ್ತಿದಾರೆ. ನನ್ನ ಮಾನ ಉಳಿಸು."

ಹೊನ್ನಪ್ಪ ತಲೆ ಎತ್ತಲಿಲ್ಲ. ಇನ್ನೊಂದು ಹಿಡಿ ಮಣ್ಣಿಗೆ ಕೈ ಹಾಕಿದ.

"ನಾ ಬರಾಕಿಲ್ಲ. ನೀ ಹೋಗ್ಲಾ."